ಮಾಗಡಿ ಕೆರೆಯಲ್ಲಿ ನಾನು ಹಕ್ಕಿ ಎಣಿಸುವ ರೀತಿ

ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ನೀರಾವರಿಗೆಂದು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಇಲ್ಲಿ 166 ಜಾತಿಯ ಹಕ್ಕಿಗಳು ದಾಖಲಾಗಿವೆ. ಜನವರಿಯ ಏಷ್ಯಾ ನೀರುಹಕ್ಕಿ ಗಣತಿಗೆ ನಾನು ಎಣಿಸುವುದು ಇಲ್ಲಿಯೇ.

ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತದೆ. ಹಾಗಾಗಿ ಬೇಗ ಎದ್ದು ಹೋಗಿ ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ! ನಾನು ಸೂರ್ಯ ಬೆನ್ನಿಗೆ ಬೀಳುವಂತೆ ಏರಿಯ ಮೇಲೆ ಕೂರುತ್ತೇನೆ. ಇಳಿಯುವ ಹಿಂಡುಗಳನ್ನು ಬರೆದುಕೊಂಡು, ಎಲ್ಲ ಕೂತ ಮೇಲೆ ಇನ್ನೊಮ್ಮೆ ಎಣಿಸುತ್ತೇನೆ.

ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಹಿಡಿಸಿಕೊಳ್ಳುತ್ತೇನೆ. ಅದೇ ಅಳತೆ, ಅದರಿಂದಲೇ ಇಡೀ ಹಿಂಡನ್ನು ಹತ್ತು ಹತ್ತಾಗಿ ಎಣಿಸುತ್ತೇನೆ. ಹಿಂಡಿನ ನಡುವೆ ದಟ್ಟಣೆ ಜಾಸ್ತಿ, ಅಂಚಿನಲ್ಲಿ ತೆಳು, ಅದಕ್ಕೇ ಅಳತೆಯನ್ನು ಆಗಾಗ ಬದಲಿಸಬೇಕು. ಫೋಟೊ ತೆಗೆದು ಮನೆಯಲ್ಲಿ ಹಕ್ಕಿಗೊಂದು ಚುಕ್ಕೆ ಇಟ್ಟು ತಾಳೆ ನೋಡುತ್ತೇನೆ. ಹಾವಕ್ಕಿ, ನದಿ ರೀವದಂಥ ಕಡಿಮೆ ಸಂಖ್ಯೆಯವನ್ನು ಮೊದಲೇ ಮುಗಿಸುವುದು ಒಳ್ಳೆಯದು. ನಾಮದ ಕೋಳಿ ಮುಳುಗಿ ಮುಳುಗಿ ಏಳುತ್ತದೆ, ಅದಕ್ಕೆ ತಾಳ್ಮೆಯೊಂದೇ ಮದ್ದು.

ಹತ್ತಿರದಿಂದ ನೋಡಲು ನೀರಂಚಿಗೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು. ಒಂದು ಹಿಂಡು ಎದ್ದರೆ ಎಲ್ಲರ ಲೆಕ್ಕವೂ ಹೋಯಿತು, ಹಕ್ಕಿಯ ವಿಶ್ರಾಂತಿಯೂ ಹೋಯಿತು. ಸುಮ್ನೆ ದೂರದಲ್ಲಿ ಕೂತರೆ ಸಾಕಲ್ವಾ?

ಪ್ರತಿ ಸಲ ನೀರಿನ ಮಟ್ಟವನ್ನೂ ಬರೆಯುತ್ತೇನೆ. ಕೆರೆ ತುಂಬಿದ್ದರೆ ಕೆಸರಿನ ಅಂಚು ಇರುವುದಿಲ್ಲ, ಗೊರವಗಳಂಥ ಕೆಸರು ಕೆದಕುವ ಹಕ್ಕಿಗಳೂ ಇರುವುದಿಲ್ಲ. ಅಂಥ ವರ್ಷದ ಅಂಕಿಯನ್ನಷ್ಟೇ ನೋಡಿದವರು ಅವು ಅಳಿದೇ ಹೋದವು ಅಂದುಕೊಳ್ಳಬಹುದು.

ಕೆರೆಯನ್ನಷ್ಟೇ ಕಾದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಹೆಬ್ಬಾತು ಮಲಗುವುದು ನೀರಲ್ಲಿ, ಉಣ್ಣುವುದು ರೈತರ ಹೊಲದಲ್ಲಿ. ಒಬ್ಬರು ಕೇಳಿಯೇಬಿಟ್ಟರು: "ಹಕ್ಕಿ ಲೆಕ್ಕ ನೀವು ಬರೀತೀರಿ ಸರ, ನಮ್ಮ ಕಡ್ಲಿ ಲೆಕ್ಕ ಯಾರು ಬರೀತಾರ?" ಈಗ ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಕಾಲಂ ಇದೆ: ಸುತ್ತ ಯಾವ ಬೆಳೆ, ಹೆಬ್ಬಾತು ಎಲ್ಲಿ ಇಳಿಯಿತು, ಎಷ್ಟು ಹಾಳಾಯಿತೆಂದು ರೈತರೇ ಹೇಳಿದ್ದು. ಗಣತಿಯ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ. ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡುತ್ತೇನೆ.