ಕಿಡ್ನಿಯ ದುರಸ್ತಿ ಕೆಲಸ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕಿಡ್ನಿಯ ಸೂಕ್ಷ್ಮ ನಳಿಕೆಗಳಿಗೆ ಪೆಟ್ಟು ಬಿದ್ದಾಗ, ಉಳಿದ ಜೀವಕೋಶಗಳು ಒಡೆದು ಎರಡಾಗುತ್ತಾ ಖಾಲಿ ಜಾಗ ತುಂಬುತ್ತವೆ. ಹಾಗೆ ಮಾಡಲು ಅವಕ್ಕೆ ಸೂಚನೆ ಕೊಡುವ ಪ್ರೋಟೀನುಗಳೇ ಬೆಳವಣಿಗೆ ಅಂಶಗಳು. ಅವುಗಳಲ್ಲೊಂದಾದ ಇಜಿಎಫ್ ಕಿಡ್ನಿಯಲ್ಲೇ ತಯಾರಾಗುತ್ತದೆ. ಪೆಟ್ಟು ಪದೇ ಪದೇ ಬಿದ್ದರೆ ಮಾತ್ರ ಟಿಜಿಎಫ್-ಬೀಟಾ ಎಂಬ ಇನ್ನೊಂದು ಅಂಶದ ಕೈ ಮೇಲಾಗಿ, ಅಲ್ಲಿ ನಾರು ಕಟ್ಟುತ್ತದೆ. ನಾರುಗಟ್ಟಿದ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇಜಿಎಫ್ ಅನ್ನು ಪುಡಿ, ಮಾತ್ರೆಯಾಗಿ ನುಂಗಿ ಫಲವಿಲ್ಲ. ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆಯೇ ಅರಗಿಸಿಬಿಡುತ್ತದೆ. ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ದಾರಿ.

ಮೊದಲು ಪರೀಕ್ಷೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಜೊತೆ ಮೂತ್ರದ ಎಸಿಆರ್ ಕೂಡ ಮಾಡಿಸಲೇಬೇಕು. ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಎಷ್ಟು ಸೋರುತ್ತಿದೆ ಎಂದು ತೋರಿಸುವ ಪರೀಕ್ಷೆ ಅದು. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಗ್ಗಿದರೂ ಕ್ರಿಯಾಟಿನಿನ್ ‘ನಾರ್ಮಲ್’ ತೋರಿಸಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಆರಂಭದ್ದನ್ನು ಬಿಟ್ಟು, ನಡುವಿನದನ್ನು ಬಾಟಲಿಗೆ ಹಿಡಿಯಿರಿ. ಜ್ವರ, ಉರಿಮೂತ್ರ, ಮುಟ್ಟಿನ ದಿನಗಳಲ್ಲಿ ಬೇಡ. ಕಾಫಿ ಚೀಲ ಹೊರುವಂಥ ಭಾರದ ಕೆಲಸದ ಮರುದಿನವೂ ಬೇಡ, ಅಂಕಿ ಸುಳ್ಳೇ ಏರಿರುತ್ತದೆ. ಎಸಿಆರ್ ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ.

ಸೋರಿಕೆ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಮಾತ್ರೆ ಬರೆಯುತ್ತಾರೆ. ಬಿಪಿ ಇಳಿಸುವುದರ ಜೊತೆಗೆ, ಟಿಜಿಎಫ್-ಬೀಟಾವನ್ನು ಕೆರಳಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿಗೂ ಇವು ಕಡಿವಾಣ ಹಾಕುತ್ತವೆ. ಶುರುಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಕ್ರಿಯಾಟಿನಿನ್ ಶೇ 30ರೊಳಗೆ ಏರಿದರೆ ಹೆದರಿ ನೀವೇ ನಿಲ್ಲಿಸಬೇಡಿ. ಗರ್ಭಿಣಿಯರಿಗೆ ಈ ಮಾತ್ರೆಗಳು ಸಲ್ಲವು.

ಉಪ್ಪು ಹೆಚ್ಚಾದರೆ ಈ ಔಷಧದ ಬಲ ಕುಂದುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗಿರಲಿ. ಕಣಿಲೆ ಉಪ್ಪಿನಕಾಯಿ, ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ.

ತೋಟದ ಕೆಲಸದಲ್ಲಿ ಸೊಂಟ, ಮಂಡಿ ನೋಯುವುದು ಸಹಜ. ಅದಕ್ಕೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ದಿನವೂ ನುಂಗುವುದು ತೀರಾ ಅಪಾಯ. ಅದು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆಯ ಜೊತೆ ಇದೂ ಸೇರಿ, ವಾಂತಿ-ಭೇದಿಯೂ ಆದರೆ ಒಂದೆರಡು ದಿನದಲ್ಲೇ ಕಿಡ್ನಿ ಸೋತು ಮೂತ್ರ ನಿಲ್ಲಬಹುದು.

ಮಳೆಗಾಲದಲ್ಲಿ ಗದ್ದೆಗಿಳಿಯುವವರು ಕಾಲಿನ ಗಾಯ ಮುಚ್ಚಿ, ಬೂಟು ಹಾಕಿಕೊಳ್ಳಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆಯಾದರೆ ಕಿಡ್ನಿಗೂ ಪೆಟ್ಟು ಕೊಡುವ ಇಲಿಜ್ವರ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಕಿಡ್ನಿ ಬಹಳ ಕುಗ್ಗಿದವರಿಗೆ ಕೊಡುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಕೂಡ ಒಂದು ಬೆಳವಣಿಗೆ ಅಂಶವೇ. ಆದರೆ ಅದು ಹೆಚ್ಚಿಸುವುದು ರಕ್ತವನ್ನು, ಕಿಡ್ನಿಯನ್ನಲ್ಲ. ದೇಹದಲ್ಲಿ ಕಬ್ಬಿಣದಂಶ ಕಡಿಮೆಯಿದ್ದರೆ ಇಂಜೆಕ್ಷನ್ ಹಿಡಿಯದು. ಮೊದಲು ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಆಗಿರಬೇಕು.