ಟೇಬಲ್ ಫ್ಲ್ಯಾಶ್‌ನಲ್ಲೇ ಇರಲಿ, ರ‍್ಯಾಮ್ ಉಳಿಯಲಿ

ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ328ಪಿ ಚಿಪ್‌ನಲ್ಲಿ ಪ್ರೋಗ್ರಾಮ್ ಇಡಲು 32 ಕಿಲೋಬೈಟ್ ಫ್ಲ್ಯಾಶ್ ಇದೆ. ರ‍್ಯಾಮ್ ಮಾತ್ರ ಬರೀ 2 ಕಿಲೋಬೈಟ್. ಎಲ್‌ಇಡಿ ಬೆಳಕನ್ನು ನಯವಾಗಿ ಏರಿಸಿ ಇಳಿಸಲು 256 ಮನೆಗಳ ಸೈನ್ ಟೇಬಲ್ (ಸೈನ್ ಅಲೆಯ ಬೆಲೆಗಳ ಪಟ್ಟಿ) ಬರೆದಿರಿ ಅನ್ನಿ. ಮನೆಗೊಂದು ಬೈಟ್ ಅಂದರೂ ರ‍್ಯಾಮ್‌ನ ಎಂಟನೇ ಒಂದು ಭಾಗ ಹೋಯ್ತು. ಅದೇ ಟೇಬಲ್ ಮನೆಗೆ ಎರಡು ಬೈಟಿನ, ಅಂದರೆ 16 ಬಿಟ್‌ದಾದರೆ ಎಟಿಟೈನಿ85 ಚಿಪ್‌ನ ಇಡೀ 512 ಬೈಟ್ ರ‍್ಯಾಮ್ ಖಾಲಿ!

‘ಕಾನ್ಸ್ಟ್ (ಬೆಲೆ ಬದಲಾಗದು ಎನ್ನುವ ಪದ) ಹಾಕಿದ್ದೀನಲ್ಲ, ಸಾಕಲ್ವಾ?’ ಸಾಲದು. ಈ ಎವಿಆರ್ ಬಳಗದ ಚಿಪ್‌ಗಳಲ್ಲಿ ಫ್ಲ್ಯಾಶ್‌ನ ವಿಳಾಸಗಳೇ ಬೇರೆ, ರ‍್ಯಾಮ್‌ನ ವಿಳಾಸಗಳೇ ಬೇರೆ. ಮಾಮೂಲಿ ಓದುವ ಸೂಚನೆಗೆ ಫ್ಲ್ಯಾಶ್ ಕಾಣುವುದೇ ಇಲ್ಲ. ಹಾಗಾಗಿ ಪ್ರೋಗ್ರಾಮಿನ ಮೇನ್ ಫಂಕ್ಷನ್ ಶುರುವಾಗುವ ಮೊದಲೇ ಟೇಬಲ್ ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ನಕಲಾಗುತ್ತದೆ. ಎರಡೂ ಕಡೆ ಜಾಗ ದಂಡ.

ಮೊದಲು ಮಾಮೂಲಿ ಟೇಬಲ್ ಇರುವಂತೆಯೇ ಕಂಪೈಲ್ ಮಾಡಿ, ಗ್ಲೋಬಲ್ ವೇರಿಯಬಲ್‌ಗಳು ಎಷ್ಟು ಬೈಟ್ ತಿಂದಿವೆ ಎಂದು ಆರ್ಡುಯಿನೋ ಐಡಿಇ ಕಿಟಕಿಯ ಕೆಳಗೆ ತೋರಿಸುವ ಲೆಕ್ಕ ಬರೆದಿಟ್ಟುಕೊಳ್ಳಿ. ಫಂಕ್ಷನ್ ಓಡುವಾಗ ಬಳಸುವ ಸ್ಟ್ಯಾಕ್ ಜಾಗ ಅದರಲ್ಲಿ ಸೇರಿಲ್ಲ, ನೆನಪಿರಲಿ.

ಆಮೇಲೆ ಟೇಬಲಿನ ಬೆಲೆಗಳು. ಸ್ಪ್ರೆಡ್‌ಶೀಟ್‌ನಲ್ಲಿ 127.5 + 127.5 × ಸೈನ್(2π × ಐ ÷ 256) ಎಂಬ ಸೂತ್ರ ಹಾಕಿ (ಐ ಅಂದರೆ 0ಯಿಂದ 255ರ ವರೆಗಿನ ಮನೆ ಸಂಖ್ಯೆ), ಹತ್ತಿರದ ಪೂರ್ಣಸಂಖ್ಯೆಗೆ ತನ್ನಿ. 64ನೇ ಮನೆಯಲ್ಲಿ 255, 192ನೆಯದರಲ್ಲಿ 0 ಬರಬೇಕು. ಕಾಲು ಅಲೆಯನ್ನಷ್ಟೇ ಇಟ್ಟು ಉಳಿದದ್ದನ್ನು ಲೆಕ್ಕ ಹಾಕುವವರೂ ಇದ್ದಾರೆ. ಫ್ಲ್ಯಾಶ್ ಧಾರಾಳವಾಗಿರುವಾಗ ಆ ಜಾಣತನ ಸುಮ್ನೆ ತಲೆನೋವು.

ಈಗ ಎವಿಆರ್/ಪಿಜಿಎಂಸ್ಪೇಸ್ ಹೆಡರ್ ಸೇರಿಸಿ. ಟೇಬಲನ್ನು ಫಂಕ್ಷನ್‌ಗಳ ಹೊರಗಿಡಿ. ಕಾನ್ಸ್ಟ್ ಇರಲಿ, ಹೆಸರು ಮತ್ತು ಚೌಕ ಆವರಣ ಆದ ಮೇಲೆ, ಸಮ ಚಿಹ್ನೆಗೆ ಮುಂಚೆ, ದೊಡ್ಡಕ್ಷರದಲ್ಲಿ ಪ್ರೋಗ್‌ಮೆಮ್ ಅಂತ ಬರೆಯಿರಿ. ಮತ್ತೆ ಕಂಪೈಲ್ ಮಾಡಿದರೆ ಲೆಕ್ಕ 256 ಬೈಟ್ ಇಳಿದಿರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಎಡವಟ್ಟು. ಟೇಬಲಿನ ಹೆಸರು ಸೈನ್ ಆದರೆ, ಓದುವಾಗ ಪಿಜಿಎಂ_ರೀಡ್_ಬೈಟ್(&ಸೈನ್[ಐ]) ಎಂದೇ ಬರೆಯಬೇಕು; 16 ಬಿಟ್ ಆದರೆ ಬೈಟ್ ಬದಲು ವರ್ಡ್. ಬರೀ ಸೈನ್[ಐ] ಎಂದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಅದೇ ನಂಬರಿನ ರ‍್ಯಾಮ್ ವಿಳಾಸದಲ್ಲಿ ಏನಿದೆಯೋ ಅದನ್ನು ತಂದುಕೊಡುತ್ತದೆ, ಎಲ್‌ಇಡಿ ಅಡ್ಡಾದಿಡ್ಡಿ ಮಿನುಗುತ್ತದೆ.

ಪರೀಕ್ಷೆಗೆ 64 ಮತ್ತು 192ನೇ ಮನೆಗಳನ್ನು ಸೀರಿಯಲ್ ಮಾನಿಟರ್‌ನಲ್ಲಿ ಪ್ರಿಂಟ್ ಮಾಡಿ. ಇಂಡೆಕ್ಸ್ (ಮನೆ ಸಂಖ್ಯೆ) ಮಾತ್ರ ವೊಲಟೈಲ್ (ಬೆಲೆಯನ್ನು ಕಂಪೈಲರ್ ಮೊದಲೇ ಊಹಿಸಬಾರದು ಎನ್ನುವ) ವೇರಿಯಬಲ್‌ನಲ್ಲಿರಲಿ. ನೇರವಾಗಿ ಸೈನ್[64] ಎಂದು ಬರೆದರೆ ಕಂಪೈಲರ್ ಟೇಬಲ್ ಓದದೆಯೇ 255 ಎಂದು ತುಂಬಿಬಿಡಬಹುದು. ತಪ್ಪು ಕೋಡ್ ಕೂಡ ಪಾಸ್!

ವೇಗದ ಚಿಂತೆ ಬೇಡ. ರ‍್ಯಾಮ್‌ನಿಂದ ಒಂದು ಬೈಟ್ ಓದಲು 2 ಕ್ಲಾಕ್, ಫ್ಲ್ಯಾಶ್‌ನಿಂದ 3.

ಮೆನುವಿನ ಪದಗಳಂಥ ಸ್ಟ್ರಿಂಗ್‌ಗಳ ಪಟ್ಟಿಯಾದರೆ ಹುಷಾರು. ಪಟ್ಟಿಗೆ ಪ್ರೋಗ್‌ಮೆಮ್ ಹಾಕಿದರೆ ಫ್ಲ್ಯಾಶ್‌ನಲ್ಲಿ ಉಳಿಯುವುದು ವಿಳಾಸ ತೋರಿಸುವ ಪಾಯಿಂಟರ್‌ಗಳಷ್ಟೇ, ಅಕ್ಷರಗಳೆಲ್ಲ ರ‍್ಯಾಮ್‌ನಲ್ಲೇ. ಒಂದೊಂದು ಪದಕ್ಕೂ ಬೇರೆ ಅರೇ ಮಾಡಿ, ಅದಕ್ಕೂ ಪ್ರೋಗ್‌ಮೆಮ್ ಹಾಕಿ, ಆಮೇಲೆ ಪಟ್ಟಿ ಕಟ್ಟಿ.

ಎಸ್‌ಟಿಎಂ32 ಥರದ ಆರ್ಮ್ ಚಿಪ್‌ಗಳಲ್ಲಿ ಈ ರಗಳೆಯೇ ಇಲ್ಲ. ಅಲ್ಲಿ ಫ್ಲ್ಯಾಶ್‌ಗೂ ರ‍್ಯಾಮ್‌ಗೂ ಒಂದೇ ವಿಳಾಸ ಸಾಲು, ಕಾನ್ಸ್ಟ್ ಒಂದೇ ಸಾಕು.