ಒತ್ತೋದು, ನೀವೋದು, ತಿಕ್ಕೋದು: ಹಿಡ್ಕೊಂಡ ಕತ್ತಿಗೆ ಮನೆಯಲ್ಲೇ ಆರೈಕೆ

ಸಂಜೆ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ನಿಂತ ಬಸ್ಸಿನಲ್ಲಿ ಒಮ್ಮೆ ಸುತ್ತ ನೋಡಿ. ಮುಕ್ಕಾಲು ಜನರ ತಲೆ ಫೋನಿನ ಮೇಲೆ ಬಗ್ಗಿರುತ್ತದೆ. ಅವರಲ್ಲಿ ಒಬ್ಬರಾದರೂ ಕೈ ಹಿಂದೆ ಹಾಕಿ ಕತ್ತು ಹಿಸುಕಿಕೊಳ್ಳುತ್ತಾ ಇರುತ್ತಾರೆ. ನಮ್ಮ ತಲೆಯ ತೂಕವೇ ಸುಮಾರು 4ರಿಂದ 5 ಕೆ.ಜಿ. ಅದು ನೆಟ್ಟಗೆ ಕೂತಿದ್ದರೆ ತೊಂದರೆ ಇಲ್ಲ. ಮುಂದಕ್ಕೆ ವಾಲಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಹಗ್ಗ ಜಗ್ಗಿದ ಹಾಗೆ ಹಿಡಿದಿಟ್ಟುಕೊಳ್ಳಬೇಕು, ಅದೂ ಆಫೀಸಿನಲ್ಲಿ ಎಂಟು ಗಂಟೆ, ದಾರಿಯಲ್ಲಿ ಎರಡು ಗಂಟೆ.

ನನಗೂ ಹೀಗೇ ಕತ್ತು ಹಿಡ್ಕೊಂಡಿತ್ತು. ಕಟಿಂಗ್ ಮಾಡಿಸಲು ಹೋದಾಗ ಅಂಗಡಿಯವರು ತಲೆಗೆ ಮಸಾಜ್ ಮಾಡಿ, ಕೊನೆಗೆ ಗಲ್ಲ ಹಿಡಿದು ಕತ್ತನ್ನು ಲಟಕ್ ಅಂತ ತಿರುಗಿಸಿದರು. ಆ ಕ್ಷಣ ಹಾಯೆನಿಸಿತು. ಮರುದಿನ ಬೆಳಿಗ್ಗೆ ಬಲಕ್ಕೆ ತಿರುಗಲು ಆಗಲಿಲ್ಲ. ಮೂರು ದಿನ ಗಾಡಿ ಓಡಿಸಲಿಲ್ಲ, ಯಾಕೆಂದರೆ ಹಿಂದೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಕತ್ತಿನ ನೆಟಿಕೆ ತೆಗೆಸಿಕೊಳ್ಳಬೇಡಿ ಅಂತ ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ. ಆ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗ್ಯಾಸಿನ ಗುಳ್ಳೆ ಆಗುವ ಸದ್ದು ಅದು. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಹೋಗುತ್ತವೆ. ಜೋರಾಗಿ ತಿರುಚಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ ನಿಜ, ಆದರೆ ಒಂದು ಕಟಿಂಗ್ ಜೊತೆಗೆ ಅಂಥ ಅಪಾಯ ಯಾಕೆ ಬೇಕು?

ನಮ್ಮ ಮಾತಿನಲ್ಲೇ ಇದಕ್ಕೆ ದಾರಿ ಇದೆ ನೋಡಿ. ಒತ್ತೋದು ಬೇರೆ, ನೀವೋದು ಬೇರೆ, ತಿಕ್ಕೋದು ಬೇರೆ. ಬಹಳ ಜನ ಎಲ್ಲದಕ್ಕೂ ಜೋರಾಗಿ ಒತ್ತುತ್ತಾರೆ. ನೋವಾದಷ್ಟೂ ಒಳ್ಳೇದು ಅಂದುಕೊಂಡಿರುತ್ತಾರೆ. ಆದರೆ ತುಂಬಾ ನೋವಾದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯಾಗುತ್ತದೆ.

ಮೊದಲು ಒತ್ತೋದು. ಇದು ಗಂಟಿಗೆ ಮಾತ್ರ. ಕುರ್ಚಿಯಲ್ಲಿ ಒರಗಿ ಕೂತು ಬಲಗೈಯನ್ನು ತೊಡೆ ಮೇಲೆ ಸಡಿಲ ಬಿಡಿ. ಎಡಗೈಯನ್ನು ಬಲ ಭುಜದ ಮೇಲೆ ಹಾಕಿ. ಕತ್ತು ಮುಗಿದು ಭುಜ ಶುರುವಾಗುವ ಕಡೆ ಒಂದು ದಪ್ಪ ಪಟ್ಟಿ ಸಿಗುತ್ತದೆ. ಅದರ ಮೇಲೆ ಬೆರಳನ್ನು ನಿಧಾನ ಅಡ್ಡ ಸರಿಸಿದರೆ ಎಲ್ಲೋ ಒಂದು ಕಡೆ ನೆನೆದ ಕಡಲೆಕಾಳಿನಷ್ಟು ಗಂಟು ತಗಲುತ್ತದೆ, ಒತ್ತಿದರೆ ನೋವು ಕೆಲವೊಮ್ಮೆ ಕಿವಿ ಹಿಂದಿನವರೆಗೂ ಹೋಗುತ್ತದೆ. ಅದೇ ಜಾಗ. ಎರಡು ಬೆರಳಿಂದ ಒತ್ತಿ ಹಿಡಿಯಿರಿ. ನೋವಿಗೆ ಹತ್ತರಲ್ಲಿ ನಂಬರ್ ಕೊಟ್ಟರೆ ನಾಲ್ಕೈದು ದಾಟಬಾರದು. ಉಸಿರು ನಿಧಾನ ಬಿಡಿ. 20ರಿಂದ 30 ಸೆಕೆಂಡಿನಲ್ಲಿ ಬೆರಳ ಕೆಳಗೆ ಅದು ಸ್ವಲ್ಪ ಮೆತ್ತಗಾದ ಹಾಗೆ ಅನ್ನಿಸುತ್ತದೆ. ಆಗದಿದ್ದರೆ ಇನ್ನೂ ಜೋರಾಗಿ ಒತ್ತಬೇಡಿ, ಬಿಟ್ಟು ಇನ್ನೊಂದು ಕಡೆ ನೋಡಿ, ಆಮೇಲೆ ಬನ್ನಿ. ಕತ್ತಿನ ಮುಂದೆ, ಗಂಟಲಿನ ಅಕ್ಕಪಕ್ಕ ನಾಡಿ ಬಡಿಯುವ ಕಡೆ ಯಾವತ್ತೂ ಒತ್ತಬಾರದು.

ಬೆನ್ನಿಗೆ ಕೈ ಎಟಕುವುದಿಲ್ಲ ಅಲ್ವಾ, ಅದಕ್ಕೆ ಒಂದು ಟೆನಿಸ್ ಬಾಲ್ ಸಾಕು. ಬಾಲನ್ನು ಹಳೇ ಸಾಕ್ಸಿಗೆ ಹಾಕಿ, ಸಾಕ್ಸಿನ ತುದಿ ಹಿಡಿದು ಭುಜದ ಮೇಲಿಂದ ಹಿಂದಕ್ಕೆ ಇಳಿಬಿಡಿ, ಆಗ ಅದು ಜಾರಿ ಬೀಳುವುದಿಲ್ಲ. ಗೋಡೆಗೆ ಒರಗಿ, ಬೆನ್ನುಮೂಳೆಗೂ ರೆಕ್ಕೆ ಮೂಳೆಗೂ ನಡುವಿನ ಜಾಗದಲ್ಲಿ ಬಾಲ್ ಇಟ್ಟು ಮಂಡಿ ಸ್ವಲ್ಪ ಮಡಚಿ ಮೇಲೆ ಕೆಳಗೆ ಆಡಿ. ಬೆನ್ನುಮೂಳೆಯ ಮೇಲೆ ಬೇಡ. ಒಂದು ಕಡೆಗೆ ಎರಡು ನಿಮಿಷ ಸಾಕು.

ಇನ್ನು ನೀವೋದು. ಇದು ಇಡೀ ಮೈಗೆ, ಎಣ್ಣೆ ಹಚ್ಚಿ. ನರಕ ಚತುರ್ದಶಿಗೆ ಮಾತ್ರ ಎಣ್ಣೆ ಸ್ನಾನ ಅಂತ ಇಟ್ಟುಕೊಂಡಿದ್ದೇವೆ. ವಾರಕ್ಕೊಮ್ಮೆ ಮಾಡಿ ನೋಡಿ, ಭಾನುವಾರ ತಿಂಡಿಗೆ ಮುಂಚೆ ಒಳ್ಳೇ ಹೊತ್ತು. ಊಟ ಆಗಿದ್ದರೆ ಎರಡು ಗಂಟೆಯಾದರೂ ಬಿಡಿ. ನನ್ನ ಪಾಲಿಗೆ ಗಾಣದ ಎಳ್ಳೆಣ್ಣೆಯೇ ಸೈ, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ. ಹರಳೆಣ್ಣೆ ತುಂಬಾ ಅಂಟು, ಬೇಕಿದ್ದರೆ ಎಳ್ಳೆಣ್ಣೆಗೆ ಒಂದೆರಡು ಚಮಚ ಸೇರಿಸಬಹುದು. ಮೊದಲ ಸಲ ಹಚ್ಚುವವರು ಹಿಂದಿನ ದಿನವೇ ಮೊಣಕೈ ಒಳಗೆ ಒಂದು ತೊಟ್ಟು ಹಚ್ಚಿ, ತುರಿಕೆ ಬರುತ್ತಾ ನೋಡಿಕೊಳ್ಳಿ.

ಒಂದು ಮೈಗೆ 40 ಮಿ.ಲೀ. ಎಣ್ಣೆ ಧಾರಾಳ. ನೇರ ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆ ಬಟ್ಟಲು ಇಟ್ಟು ಐದು ನಿಮಿಷ ಬಿಟ್ಟರೆ ಹದವಾಗಿ ಬೆಚ್ಚಗಾಗುತ್ತದೆ. ಮಣಿಕಟ್ಟಿನ ಒಳಗೆ ಒಂದು ತೊಟ್ಟು ಬಿಟ್ಟು ನೋಡಿ. ಡಿಸೆಂಬರ್ ಜನವರಿಯಲ್ಲಿ ನಮ್ಮೂರಿನ ಬೆಳಗಿನ ಚಳಿಗೆ ಬಾಗಿಲು ಕಿಟಕಿ ಮುಚ್ಚಿಕೊಂಡು ಮಾಡಿ. ಕೈಕಾಲಿನ ಉದ್ದ ಭಾಗದಲ್ಲಿ ಉದ್ದಕ್ಕೆ, ಮಂಡಿ, ಮೊಣಕೈ, ಭುಜದ ಕೀಲುಗಳಲ್ಲಿ ಸುತ್ತಲೂ, ಹೊಟ್ಟೆ ಮೇಲೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹಗುರವಾಗಿ. ಅಂಗೈ ಪೂರ್ತಿ ಮೈಗೆ ತಾಕಬೇಕು. ತಲೆ, ಕಿವಿ ಸುತ್ತ ಮತ್ತು ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಅಂತ ಆಯುರ್ವೇದದ ಹಳೇ ಗ್ರಂಥ ಅಷ್ಟಾಂಗ ಹೃದಯದಲ್ಲೇ ಇದೆ. ಪಾದಕ್ಕೆ ನಾನು ಐದು ನಿಮಿಷ ಕೊಡುತ್ತೇನೆ. ಹಿಮ್ಮಡಿಯಿಂದ ಬೆರಳಿನವರೆಗೆ ಹೆಬ್ಬೆರಳು ಎಳೆದು, ಒಂದೊಂದೇ ಬೆರಳನ್ನು ಸುಮ್ನೆ ಹಿಡಿದು ತಿರುಗಿಸುತ್ತೇನೆ. ಕತ್ತು ನೋವಿಗೂ ಪಾದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಪಾದ ನೀವಿಕೊಂಡ ಮೇಲೆ ಭುಜ ತಾನಾಗೇ ಕೆಳಗಿಳಿಯುವುದು ನಿಮಗೇ ಗೊತ್ತಾಗುತ್ತದೆ.

ಎಣ್ಣೆ ಹಚ್ಚಿಕೊಂಡು ಹದಿನೈದು ಇಪ್ಪತ್ತು ನಿಮಿಷ ಕೂತು ಆಮೇಲೆ ಸ್ನಾನ. ತಿಕ್ಕೋದು ಇಲ್ಲಿ. ಮೈಗೆ ಕಡಲೆ ಹಿಟ್ಟು ಅಥವಾ ಹೆಸರು ಹಿಟ್ಟು, ತಲೆಗೆ ಸೀಗೆಪುಡಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಗಡಸು ನೀರಿಗೆ ಸೋಪು ನೊರೆ ಬರುವುದೇ ಇಲ್ಲ, ಎಣ್ಣೆ ಮೈಯಲ್ಲೇ ಉಳಿಯುತ್ತದೆ. ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಹೋಗುತ್ತದೆ. ಮೋಡ ಕವಿದ ಜುಲೈ ಆಗಸ್ಟಿನಲ್ಲಿ ಸೋಲಾರ್ ನಂಬಿಕೊಂಡು ಎಣ್ಣೆ ಹಚ್ಚಿಕೊಳ್ಳಬೇಡಿ, ಮೊದಲು ನಲ್ಲಿ ತಿರುಗಿಸಿ ನೀರು ಬಿಸಿ ಇದೆಯಾ ನೋಡಿ. ಇನ್ನೊಂದು ಮಾತು, ಬಚ್ಚಲಲ್ಲಿ ಜಾರುವುದು. ನೆಲಕ್ಕೆ ಹಳೇ ಟವಲ್ ಹಾಸಿ, ವಯಸ್ಸಾದವರನ್ನು ಸ್ಟೂಲ್ ಮೇಲೆ ಕೂರಿಸಿ. ಸ್ನಾನ ಆದ ಮೇಲೆ ನೆಲಕ್ಕೂ ಸ್ವಲ್ಪ ಹಿಟ್ಟು ಹಾಕಿ ತೊಳೆದುಬಿಡಿ. ನಿಮ್ಮ ನಂತರ ಸ್ನಾನಕ್ಕೆ ಹೋಗುವವರು ಬೀಳಬಾರದು.

ಯಾವಾಗ ಕೈ ಹಾಕಲೇಬಾರದು ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಜ್ವರ ಇದ್ದಾಗ, ಗಾಯ ಅಥವಾ ಚರ್ಮದ ಸೋಂಕು ಇರುವ ಕಡೆ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಹಾಗಾಗಿ ಮುಟ್ಟದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮೂಳೆ ಸವೆದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ಅವರಿಗೆ ಶಾಖ ಕೊಡುವ ಮುಂಚೆ ಬೇರೆಯವರು ಮುಟ್ಟಿ ನೋಡಬೇಕು. ಕೈ ಮರಗಟ್ಟುವುದು, ಹಿಡಿದ ಲೋಟ ಜಾರುವುದು, ಮೂತ್ರ ಹತೋಟಿ ತಪ್ಪುವುದು, ಇವು ಎಣ್ಣೆಗೆ ಹೋಗುವ ನೋವಲ್ಲ. ಎದೆ ಬಿಗಿದು, ಬೆವರು ಬಂದು, ಎಡಗೈ ನೋಯುತ್ತಿದ್ದರೆ ವಾಯು ಅಂತ ತಿಕ್ಕುತ್ತಾ ಕೂರಬೇಡಿ, ತಕ್ಷಣ ಹೃದಯದ ಆಸ್ಪತ್ರೆಗೆ ಹೊರಡಿ.

ಎರಡು ವಾರ ಮಾಡಿಯೂ ಕಡಿಮೆ ಆಗದಿದ್ದರೆ ಕಲಿತವರ ಕೈಗೆ ಹೋಗಿ. ಸ್ಪಾ ಬೋರ್ಡು ಗಲ್ಲಿಗೊಂದಿದೆ, ಬೋರ್ಡಲ್ಲ ನೋಡಬೇಕಾದ್ದು, ಓದು. ಫಿಸಿಯೋಥೆರಪಿಸ್ಟ್ ಆದರೆ ಬಿ.ಪಿ.ಟಿ., ಪ್ರಕೃತಿ ಚಿಕಿತ್ಸೆಯವರಾದರೆ ಬಿ.ಎನ್.ವೈ.ಎಸ್., ಆಯುರ್ವೇದದವರಾದರೆ ಬಿ.ಎ.ಎಂ.ಎಸ್. ಕೊನೆಯ ಎರಡೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಜಾಸ್ತಿ ದುಡ್ಡು ಕೊಡಲು ಆಗದವರು ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿರುವ ಸರ್ಕಾರಿ ಜಯಚಾಮರಾಜೇಂದ್ರ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಯಾರೇ ಆಗಲಿ, ನಿಮ್ಮ ಹಳೇ ಕಾಯಿಲೆ, ಮಾತ್ರೆ ಏನೂ ಕೇಳದೆ ಮಲಗಿ ಅಂದರೆ ಎದ್ದು ಬನ್ನಿ. ಟೇಬಲ್ ಮೇಲೆ ಮಲಗಿದಾಗ ನೋವು ಜಾಸ್ತಿಯಾದರೆ ಹಲ್ಲು ಕಚ್ಚಿಕೊಂಡು ಇರಬೇಡಿ. "ಸ್ವಲ್ಪ ಮೆತ್ತಗೆ ಮಾಡಿ, ಕತ್ತು ಮಾತ್ರ ತಿರುಚಬೇಡಿ" ಅಂತ ಮೊದಲೇ ಬಾಯಿಬಿಟ್ಟು ಹೇಳಿಬಿಡಿ.